ಉದ್ಧಾರ ಮೀಮಾಂಸೆ ಅಥವಾ ಬೇಲ್‌ಔಟ್ ಶಾಸ್ತ್ರ ಪ್ರವೇಶಿಕೆ

ಪೀಠಿಕೆ

ದರ್ಶನಗಳು ಆರು ಎಂದು ನಮ್ಮ ಹಿರಿಯರು ಎಣಿಸಿಟ್ಟು ಕಣ್ಣು ಮುಚ್ಚಿದರು. ಏಳನೆಯದು 2008ರ ಸೆಪ್ಟೆಂಬರಿನಲ್ಲಿ ವಾಲ್‌ಸ್ಟ್ರೀಟಿನಲ್ಲಿ ಹುಟ್ಟಿ, ವಾಷಿಂಗ್ಟನ್ನಿನಲ್ಲಿ ನಾಮಕರಣ ಮಾಡಿಸಿಕೊಳ್ಳಲಿದೆ ಎಂದು ಅವರಿಗೇನು ಗೊತ್ತು? ಮುಳುಗುವ ಕಂಪನಿಯನ್ನು ಸರ್ಕಾರ ತೆರಿಗೆದಾರರ ದುಡ್ಡಿನಿಂದ ದಡ ಸೇರಿಸುವ ಆ ದರ್ಶನದ ಹೆಸರು ಬೇಲ್‌ಔಟ್. ಇದಕ್ಕೆ ಕನ್ನಡದಲ್ಲಿ ಪಾರಿಭಾಷಿಕ ಪದವಿಲ್ಲವೆಂದು ಕೊರಗುವ ವಿದ್ವಾಂಸರಿದ್ದಾರೆ. ಅವರು ಹಳ್ಳಿಯ ಕಡೆ ತಲೆ ಹಾಕಿದವರಲ್ಲ. ‘ಯಾರದ್ದೋ ದುಡ್ಡು ಎಲ್ಲಮ್ಮನ ಜಾತ್ರೆ’ ಎಂಬ ನಾಲ್ಕು ಪದಗಳಲ್ಲಿ ಇಡೀ ಶಾಸ್ತ್ರ ಅಡಗಿದೆ. ಮುಂದೆ ಬರುವುದೆಲ್ಲ ಅದರ ಭಾಷ್ಯ.

ಪ್ರಥಮ ಸೂತ್ರ: ಮುಳುಗುವವನ ತೂಕ ನೋಡಿ ಹಗ್ಗ ಎಸೆ

ಸೆಪ್ಟೆಂಬರ್ 15ರಂದು, 158 ವರ್ಷದ ಹೂಡಿಕೆ ಬ್ಯಾಂಕು ಲೇಮನ್ ಬ್ರದರ್ಸ್ ಸುಮಾರು 61 ಸಾವಿರ ಕೋಟಿ ಡಾಲರ್ ಸಾಲವನ್ನು ಸೊಂಟಕ್ಕೆ ಕಟ್ಟಿಕೊಂಡು ಮುಳುಗಿತು. ಹಗ್ಗ ಬರಲಿಲ್ಲ. ಮರುದಿನ ಎಐಜಿ ಎಂಬ ವಿಮಾ ಕಂಪನಿ ಮುಳುಗತೊಡಗಿತು. 8,500 ಕೋಟಿ ಡಾಲರಿನ ಹಗ್ಗ ಬಂತು. ಒಂದೇ ನದಿ, ಒಂದೇ ದಂಡೆ, ಒಂದು ದಿನದ ಅಂತರ. ಲೇಮನ್ ಮುಳುಗಿದ ಸದ್ದು ಕೇಳಿದ ಮೇಲೆಯೇ ನದಿ ಎಷ್ಟು ಆಳವಿದೆಯೆಂದು ದಂಡೆಯ ಮೇಲಿದ್ದವರಿಗೆ ಹೊಳೆಯಿತೆಂದು ಒಂದು ಪಂಥ ಹೇಳುತ್ತದೆ.

ಹಗ್ಗದ ಬದಲಿಗೆ ಎಐಜಿಯ ಶೇ. 79.9 ಪಾಲು ಸರ್ಕಾರಕ್ಕೆ ಸಂದಿತು. ಹಾಗಾದರೆ ಇದು ರಾಷ್ಟ್ರೀಕರಣವೇ? ರಾಮ ರಾಮಾ! ಅದು ಸಮಾಜವಾದಿಗಳ ಕೆಟ್ಟ ಚಾಳಿ. ಇಲ್ಲಿ ಆದದ್ದು ಬೇರೆ. ಅಳಿಯ ಅಲ್ಲ, ಮಗಳ ಗಂಡ. ಉಳಿದ ಶೇ. 20.1ರಲ್ಲಿ ಬಂಡವಾಳಶಾಹಿಯ ಮಾನ ಉಳಿಯಿತು.

ದ್ವಿತೀಯ ಸೂತ್ರ: ದುಡ್ಡು ದೊಡ್ಡದಾದರೆ ಕಾಗದ ಚಿಕ್ಕದು

ಅಮೆರಿಕದ ಅಂದಿನ ಖಜಾನೆ ಕಾರ್ಯದರ್ಶಿ ಹೆನ್ರಿ ಪಾಲ್ಸನ್ ಮೊದಲು ವಾಲ್‌ಸ್ಟ್ರೀಟಿನ ಬ್ಯಾಂಕು ಗೋಲ್ಡ್‌ಮನ್ ಸ್ಯಾಕ್ಸ್‌ನ ಮುಖ್ಯಸ್ಥರಾಗಿದ್ದವರು. ಬೇಲಿಯ ಎರಡೂ ಬದಿಯ ಹುಲ್ಲಿನ ರುಚಿ ಬಲ್ಲವರು. ಅವರು 70 ಸಾವಿರ ಕೋಟಿ ಡಾಲರ್ ಕೇಳಿ ಕಳಿಸಿದ ಮೊದಲ ಕರಡು ಮೂರೇ ಪುಟದ್ದು. ಅದರಲ್ಲೂ ಒಂದು ಕಲಮು, ತಮ್ಮ ತೀರ್ಮಾನಗಳನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಕೂಡದು ಎಂಬುದು. ಪುಟಕ್ಕೆ 23 ಸಾವಿರ ಕೋಟಿ ಡಾಲರಿಗೂ ಮಿಗಿಲು! ಅಷ್ಟು ದುಬಾರಿ ಕಾಗದವನ್ನು ಜಗತ್ತು ಕಂಡಿರಲಿಲ್ಲ.

ಸೆಪ್ಟೆಂಬರ್ 29ರಂದು ಪ್ರತಿನಿಧಿ ಸಭೆ 228–205 ಮತಗಳಿಂದ ಮಸೂದೆಯನ್ನು ತಿರಸ್ಕರಿಸಿತು. ಅಂದೇ ಡೌ ಜೋನ್ಸ್ ಸೂಚ್ಯಂಕ 777 ಅಂಶ ಕುಸಿಯಿತು. ಸಿದ್ಧಾಂತಕ್ಕಾಗಿ ತಲೆ ಕೊಡುತ್ತೇವೆ ಎಂದವರು ನಾಲ್ಕು ದಿನ ತಲೆ ಕೆರೆದುಕೊಂಡರು. ಅಕ್ಟೋಬರ್ 3ರಂದು 263–171ರಿಂದ ಮಸೂದೆ ಪಾಸಾಯಿತು. ನಡುವೆ ಏನಾಯಿತು? ಮಸೂದೆ 451 ಪುಟಕ್ಕೆ ಊದಿಕೊಂಡಿತು. ಕಾರ್ ರೇಸಿನ ಟ್ರ್ಯಾಕುಗಳಿಗೆ, ಕೆರಿಬಿಯನ್ ದ್ವೀಪಗಳ ರಮ್ ಮದ್ಯಕ್ಕೆ, ಕೊನೆಗೆ ಮಕ್ಕಳು ಆಡುವ ಮರದ ಬಾಣಗಳಿಗೂ ತೆರಿಗೆ ಸವಲತ್ತು ಸೇರಿತು. ಜಗತ್ತಿನ ಆರ್ಥಿಕತೆಯನ್ನು ಮರದ ಬಾಣ ಹೇಗೆ ಉಳಿಸಿತು ಎಂಬುದು ಪಿಎಚ್‌ಡಿಗೆ ತಕ್ಕ ವಿಷಯ. ಆದರೆ ಗಣಿತದ ದೃಷ್ಟಿಯಿಂದ ಇದು ಮಿತವ್ಯಯವೇ: ಪುಟದ ದರ 155 ಕೋಟಿ ಡಾಲರಿಗೆ ಇಳಿಯಿತು.

ತೃತೀಯ ಸೂತ್ರ: ತ್ಯಾಗಕ್ಕೆ ಕ್ಯಾಮೆರಾ ಸಾಕ್ಷಿ

ಅದೇ ವರ್ಷದ ನವೆಂಬರಿನಲ್ಲಿ ಜನರಲ್ ಮೋಟಾರ್ಸ್, ಫೋರ್ಡ್, ಕ್ರೈಸ್ಲರ್ ಕಂಪನಿಗಳ ಮೂವರು ಯಜಮಾನರು 2,500 ಕೋಟಿ ಡಾಲರ್ ಬೇಡಲು ಡೆಟ್ರಾಯಿಟಿನಿಂದ ವಾಷಿಂಗ್ಟನ್ನಿಗೆ ಬಂದರು. ಮೂರು ಖಾಸಗಿ ಜೆಟ್‌ಗಳಲ್ಲಿ! ಒಬ್ಬ ಸಂಸದ ಕೇಳಿದ: ಸಾಮಾನ್ಯ ವಿಮಾನದಲ್ಲಿ ಬಂದವರು ಕೈ ಎತ್ತಿ. ಮೂವರ ಆರು ಕೈಗಳೂ ಮೇಜಿನ ಮೇಲೆಯೇ ಉಳಿದವು. ಜೆಟ್ ಮಾರಿ ಸಾಮಾನ್ಯ ವಿಮಾನದಲ್ಲಿ ವಾಪಸಾಗುವವರು? ಆಗಲೂ ಕೈ ಏಳಲಿಲ್ಲ. ಯಾವ ಕೈಯೂ ಮೇಲೇಳಲಿಲ್ಲವೆಂಬುದು ದಾಖಲೆಗೆ ಹೋಯಿತು. ಮುಂದಿನ ತಿಂಗಳು ಅದೇ ಮೂವರು ಎಂಟುನೂರಕ್ಕೂ ಹೆಚ್ಚು ಕಿಲೋಮೀಟರ್ ದೂರವನ್ನು ತಮ್ಮದೇ ಕಂಪನಿಯ ಹೈಬ್ರಿಡ್ ಕಾರುಗಳಲ್ಲಿ ಕ್ರಮಿಸಿ ಬಂದರು. ಭಿಕ್ಷೆ ಅದೇ, ಜೋಳಿಗೆ ಮಾತ್ರ ಹಳೆಯದು.

ಈ ಸೂತ್ರಕ್ಕೆ ಭಾರತೀಯ ಪಾಠಾಂತರವೂ ಉಂಟು. 2009ರ ಸೆಪ್ಟೆಂಬರಿನಲ್ಲಿ ದೆಹಲಿಗೆ ಮಿತವ್ಯಯದ ಜ್ವರ ಬಂತು. ಪಂಚತಾರಾ ಹೋಟೆಲುಗಳಲ್ಲಿ ತಂಗಿದ್ದ ವಿದೇಶಾಂಗ ಸಚಿವ, ನಮ್ಮ ಎಸ್. ಎಂ. ಕೃಷ್ಣ ಮತ್ತು ರಾಜ್ಯ ಸಚಿವ ಶಶಿ ತರೂರ್ ಕೋಣೆ ಖಾಲಿ ಮಾಡಬೇಕಾಯಿತು. ಬಿಲ್ಲು ನಮ್ಮದೇ ಜೇಬಿನದು ಎಂದು ಇಬ್ಬರೂ ಹೇಳಿದರು. ಸೋನಿಯಾ ಗಾಂಧಿ ಇಕಾನಮಿ ದರ್ಜೆಯಲ್ಲಿ ಹಾರಿದರು, ರಾಹುಲ್ ಗಾಂಧಿ ಶತಾಬ್ದಿ ರೈಲು ಹತ್ತಿದರು. ಇಕಾನಮಿ ದರ್ಜೆಯನ್ನು ದನದ ದರ್ಜೆ ಎಂದು ತರೂರ್ ಟ್ವೀಟ್ ಮಾಡಿದಾಗ ಮಾತ್ರ ಗದ್ದಲವೆದ್ದಿತು. ಕಾರಣ ಸ್ಪಷ್ಟ: ಅಭಿನಯದ ನಡುವೆ ನಟ ಪ್ರೇಕ್ಷಕರ ಕಡೆ ತಿರುಗಿ ಕಣ್ಣು ಹೊಡೆಯಬಾರದು.

ಚತುರ್ಥ ಸೂತ್ರ: ಒಪ್ಪಂದ ಮೇಲಿನವರಿಗೆ ವೇದ, ಕೆಳಗಿನವರಿಗೆ ಕರಡು

ಹಗ್ಗ ಹಿಡಿದು ದಡ ಸೇರಿದ ಒಂದು ವಾರದೊಳಗೇ ಎಐಜಿಯ ಅಂಗಸಂಸ್ಥೆಯೊಂದು ಕ್ಯಾಲಿಫೋರ್ನಿಯಾದ ರೆಸಾರ್ಟಿನಲ್ಲಿ ಸುಮಾರು 4.4 ಲಕ್ಷ ಡಾಲರ್ ವೆಚ್ಚದ ಕೂಟ ನಡೆಸಿತು. ಅದರಲ್ಲಿ 23 ಸಾವಿರ ಸ್ಪಾ ಬಿಲ್ಲು. ಒದ್ದೆ ಮೈ ಒರೆಸಿಕೊಳ್ಳಬೇಡವೇ? 2009ರ ಮಾರ್ಚಿನಲ್ಲಿ, ಕಂಪನಿಯನ್ನು ಮುಳುಗಿಸಿದ ವಿಭಾಗದವರಿಗೇ 16.5 ಕೋಟಿ ಡಾಲರ್ ಬೋನಸ್ ಸಂದಾಯವಾಯಿತು. ಕೇಳಿದರೆ, ಒಪ್ಪಂದ ಮುರಿಯಲಾಗದು ಎಂಬ ಉತ್ತರ. ಕಾರು ಕಾರ್ಖಾನೆಯ ಕೂಲಿಯವರಿಗೂ ಒಪ್ಪಂದವಿತ್ತು. ಸಾಲ ಬೇಕಿದ್ದರೆ ಅದನ್ನು ತಿದ್ದಿ ಮಜೂರಿ ಇಳಿಸಿ ಎಂದು ಅದೇ ಸರ್ಕಾರ ಷರತ್ತು ಹಾಕಿತು.

ಈ ಸೂತ್ರದ ಬಿಸಿ ಬೆಂಗಳೂರಿಗೂ ತಟ್ಟಿತು. 2009ರ ಫೆಬ್ರವರಿಯ ಉತ್ತೇಜನ ಕಾಯ್ದೆ, ನೆರವು ಪಡೆದ ಬ್ಯಾಂಕುಗಳು ಎಚ್-1ಬಿ ವೀಸಾದ ವಿದೇಶಿ ನೌಕರರನ್ನು ಸೇರಿಸಿಕೊಳ್ಳುವುದಕ್ಕೆ ಕಡಿವಾಣ ಹಾಕಿತು. ಮೇ ತಿಂಗಳಲ್ಲಿ ಅಧ್ಯಕ್ಷ ಒಬಾಮ, ಬಫೆಲೊದಲ್ಲಿ ಕೆಲಸ ಸೃಷ್ಟಿಸುವವನಿಗಿಂತ ಬೆಂಗಳೂರಿನಲ್ಲಿ ಸೃಷ್ಟಿಸುವವನಿಗೆ ತೆರಿಗೆ ಕಡಿಮೆ ಎಂದು ಆಕ್ಷೇಪಿಸಿದರು. ಮನೆ ಸಾಲವನ್ನು ಹೋಳು ಮಾಡಿ ಪೊಟ್ಟಣ ಕಟ್ಟಿ ಮಾರಿದವರು ವಾಲ್‌ಸ್ಟ್ರೀಟಿನವರು. ಸಿಕ್ಕಿಬಿದ್ದವನು ಕೋರಮಂಗಲದಲ್ಲಿ ರಾತ್ರಿಪಾಳಿ ಮಾಡುತ್ತಿದ್ದವನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಪೂರ್ವಪಕ್ಷ ಮತ್ತು ಖಂಡನೆ

‘ಕೊಟ್ಟ ದುಡ್ಡು ವಾಪಸು ಬಂತಲ್ಲ?’ ಎಂದು ಎದುರಾಳಿ ಕೇಳುತ್ತಾನೆ. ನಿಜ. ಶಾಸ್ತ್ರಕಾರ ಸುಳ್ಳು ಹೇಳಬಾರದು. ಬ್ಯಾಂಕುಗಳಿಗೆ ಕೊಟ್ಟದ್ದು ಲಾಭ ಸಮೇತ ಮರಳಿತು, ಎಐಜಿಯಿಂದಲೇ 2,270 ಕೋಟಿ ಡಾಲರ್ ಹೆಚ್ಚುವರಿ ಬಂತು. ಕಾರು ಕಂಪನಿಗಳಲ್ಲಿ ಮಾತ್ರ ಸಾವಿರ ಕೋಟಿಗೂ ಮೀರಿದ ನಷ್ಟ. ಆದರೆ ಜಪ್ತಿಯಾದ ಲಕ್ಷಾಂತರ ಮನೆಗಳು ಮರಳಲಿಲ್ಲ. ಮೂವತ್ತು ನಲವತ್ತು ಲಕ್ಷ ಮನೆಗಳ ಸಾಲದ ಕಂತು ಇಳಿಸುತ್ತೇವೆಂದು ಹೊರಟ ಯೋಜನೆ ಗುರಿ ಮುಟ್ಟಲಿಲ್ಲ. ಬ್ಯಾಂಕಿಗೆ ಹಗ್ಗ, ಮನೆಯವನಿಗೆ ಅರ್ಜಿ ನಮೂನೆ.

ಪ್ರಯೋಗ

ಪ್ರಯೋಗವಿಲ್ಲದ ಶಾಸ್ತ್ರ ಕುಂಟು. ಆದ್ದರಿಂದ ಈ ಅಲ್ಪಮತಿ, ಸ್ಕೂಟರ್ ಸಾಲದ ಎರಡು ಕಂತು, ಅಂದರೆ 4,360 ರೂಪಾಯಿ ಬಾಕಿ ಉಳಿಸಿಕೊಂಡು ಬ್ಯಾಂಕಿನ ಮ್ಯಾನೇಜರರ ಮುಂದೆ ಪ್ರಬಂಧ ಮಂಡಿಸಿದೆ. ‘ಸ್ವಾಮಿ, ನಾನು ಮುಳುಗಿದರೆ ಹಾಲಿನವನು ಮುಳುಗುತ್ತಾನೆ, ಇಸ್ತ್ರಿಯವನು ಮುಳುಗುತ್ತಾನೆ, ಇಡೀ ನಾಲ್ಕನೇ ಅಡ್ಡರಸ್ತೆಯ ವ್ಯವಸ್ಥೆಯೇ ಕುಸಿದೀತು.’ ಅವರು ಕನ್ನಡಕ ಮೇಲೇರಿಸಿ ಕಡತ ತೆರೆದರು. ‘ಜಾಮೀನಿಗೆ ನಿಮ್ಮ ಭಾವಮೈದ ಇದ್ದಾರಲ್ಲ. ಅವರಿಗೆ ನೋಟಿಸ್ ಕಳಿಸೋಣವೇ?’

ಶಾಸ್ತ್ರದ ಪರಮ ತತ್ತ್ವ ನನಗೆ ಹೊಳೆದದ್ದು ಅಲ್ಲಿ. ನನ್ನ ಭಾವಮೈದ ಕಾಗದ ಓದಿ, ಎರಡು ಸಲ ನನ್ನ ಮುಖ ನೋಡಿ, ಆಮೇಲೆ ಸಹಿ ಹಾಕಿದ್ದ. ವಾಲ್‌ಸ್ಟ್ರೀಟಿಗೂ ಜಾಮೀನುದಾರರಿದ್ದರು, ಕೋಟ್ಯಂತರ ಮಂದಿ. ಅವರಲ್ಲಿ ಒಬ್ಬರೂ ಸಹಿ ಹಾಕಿರಲಿಲ್ಲ.

ಫಲಶ್ರುತಿ

ಈ ಮೀಮಾಂಸೆಯನ್ನು ಪಠಿಸಿದವರ ಸಾಲ ತೀರುವುದಿಲ್ಲ, ತೆರಿಗೆ ಇಳಿಯುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದು ಯಾರಾದರೂ ವೇದಿಕೆ ಹತ್ತಿ ಬೋಧಿಸಿದಾಗ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುವ ಬುದ್ಧಿ ಬಂದರೆ ಅಷ್ಟೇ ಫಲ. ನನ್ನ ಕಂತು ಬರುವ 5ನೇ ತಾರೀಕಿಗೆ. ಭಾವಮೈದನ ಮುಖ ನೋಡಬೇಕಲ್ಲ, ಕಟ್ಟುತ್ತೇನೆ.