ಭಾವನ ತೆರಿಗೆ ವೈರಾಗ್ಯ

ಸಿಲಿಕಾನ್ ಕಣಿವೆಯಲ್ಲಿದ್ದ ನಮ್ಮ ಭಾವ ಈಗ ಡಲ್ಲಾಸ್ ಪಕ್ಕದ ಫ್ರಿಸ್ಕೋ ಸೇರಿದ್ದಾರೆ. ಕಾರಣ ಒಂದೇ, ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅದರ ಗರಿಷ್ಠ ದರ ಶೇ. 13.3. ಭಾವನ ಸಂಬಳ ಅಷ್ಟೆತ್ತರಕ್ಕೆ ಎಂದೂ ಏರಲಿಲ್ಲ. ಸಿಟ್ಟು ಮಾತ್ರ ಗರಿಷ್ಠ ದರದಲ್ಲೇ ಇತ್ತು. ಬೆಂಗಳೂರಿನಲ್ಲಿ ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ ಮುರಿದುಕೊಂಡರೆ ಊಟ ಬಿಡುತ್ತಿದ್ದ ಜೀವ ಅದು.

ಟೆಕ್ಸಾಸಿನವರು 2019ರಲ್ಲಿ ತಮ್ಮ ರಾಜ್ಯದ ಸಂವಿಧಾನವನ್ನೇ ತಿದ್ದಿ, ವ್ಯಕ್ತಿಯ ಆದಾಯಕ್ಕೆ ತೆರಿಗೆ ಹಾಕಕೂಡದು ಎಂದು ಬರೆದುಕೊಂಡರು. ಸರಿ, ಶಾಲೆ ನಡೆಯಬೇಕಲ್ಲ? ಸಂಬಳ ಬಿಟ್ಟರು, ಮನೆ ಹಿಡಿದರು. ಮನೆಯ ಅಂದಂದಿನ ಬೆಲೆಗೆ ತಕ್ಕಂತೆ ಪ್ರತಿ ವರ್ಷ ತೆರಿಗೆ ಕಟ್ಟಬೇಕು. ಸಾಲ ತೀರಿದ ಮೇಲೂ ಸ್ವಂತ ಮನೆಗೆ ಬಾಡಿಗೆ ತಪ್ಪುವುದಿಲ್ಲ. ಭಾವ ಬಿಟ್ಟು ಬಂದ ಕ್ಯಾಲಿಫೋರ್ನಿಯಾದಲ್ಲಿ, 1978ರಿಂದ, ಮನೆ ಕೊಂಡ ಬೆಲೆಯ ಮೇಲೆ ಮೂಲ ದರ ಶೇ. 1, ತೆರಿಗೆ ಲೆಕ್ಕದ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಇದನ್ನು ಅವರೆದುರು ಯಾರೂ ಎತ್ತುವುದಿಲ್ಲ. ಬಂಧುತ್ವ ಮುಖ್ಯ.

ನೋಡಬೇಕಾದ್ದು ಏಪ್ರಿಲ್, ಮೇ ತಿಂಗಳಲ್ಲಿ. ಮನೆಯ ಬೆಲೆ ಇಷ್ಟು ಏರಿದೆ ಎಂದು ಕೌಂಟಿಯಿಂದ ನೋಟಿಸು ಬರುತ್ತದೆ. ತಕರಾರಿಗೆ ಸಾಮಾನ್ಯವಾಗಿ ಮೇ 15ರವರೆಗೆ ಗಡುವು. ಆ ಊರಿನದು ಎರೆಮಣ್ಣು, ಬೇಸಿಗೆಯಲ್ಲಿ ಬಿರಿಯುತ್ತದೆ. ತಳಪಾಯ ಕುಸಿಯದಿರಲೆಂದು ಜನ ಮನೆಯ ಬುಡಕ್ಕೇ ಪೈಪಿಟ್ಟು ನೀರು ಬಿಡುತ್ತಾರೆ. ಭಾವ ಮೊಣಕಾಲೂರಿ ಕೂತು, ಗೋಡೆಯ ಕೂದಲೆಳೆಯ ಬಿರುಕಿನ ಪಕ್ಕ ಅಳತೆಪಟ್ಟಿ ಹಿಡಿದು ಫೋಟೋ ತೆಗೆಯುತ್ತಾರೆ. ವಿಚಾರಣೆಯಲ್ಲಿ "ಸ್ವಾಮಿ, ನನ್ನದು ಪಾಳುಮನೆ" ಎಂದು ವಾದಿಸುತ್ತಾರೆ. ಅದೇ ವಾರದ ಶನಿವಾರ ಸತ್ಯನಾರಾಯಣ ಪೂಜೆಗೆ ಬಂದವರಿಗೆ ಅಡುಗೆಮನೆಯ ಗ್ರಾನೈಟ್ ಸವರಿಸಿ, "ಈ ಏರಿಯಾದಲ್ಲಿ ಇಂಥದ್ದು ಇನ್ನೊಂದಿಲ್ಲ" ಎನ್ನುತ್ತಾರೆ. ಬಿರುಕಿನ ಮುಂದೆ ಕ್ರೋಟನ್ ಕುಂಡ ನಿಂತಿರುತ್ತದೆ.

ಕಳೆದ ವರ್ಷ ಕೆಲಸ ಹೋಯಿತು. ಆದಾಯ ತೆರಿಗೆಗೆ ಒಂದು ಮರ್ಯಾದೆಯಿದೆ, ಸಂಬಳ ನಿಂತರೆ ಅದೂ ನಿಲ್ಲುತ್ತದೆ. ಮನೆ ತೆರಿಗೆಗೆ ಅಂಥ ಸಂಕೋಚವಿಲ್ಲ. ಜನವರಿ 31ರೊಳಗೆ ಕಟ್ಟಿ ಎಂದು ಬಿಲ್ಲು ಬಂತು.

ಈಗ ಭಾವನ ಕಣ್ಣು ವಯೋಮಿಂಗ್ ಮೇಲೆ. ಆದಾಯ ತೆರಿಗೆ ಇಲ್ಲ, ಮನೆ ತೆರಿಗೆಯೂ ಕಡಿಮೆ.

"ಅಲ್ಲಿ ನಿಮಗೆ ಕೆಲಸ ಯಾರು ಕೊಡ್ತಾರ್ರೀ?" ಎಂದಳು ಅಕ್ಕ.

"ಕೆಲಸ ಇಲ್ಲದಿದ್ದರೆ ತೆರಿಗೆಯ ಪ್ರಶ್ನೆಯೇ ಬರಲ್ವಲ್ಲ."

"ಹಾಗಾದ್ರೆ ಕೆಲಸ ಬಿಟ್ಟು ಕ್ಯಾಲಿಫೋರ್ನಿಯಾದಲ್ಲೇ ಇರಬಹುದಿತ್ತು. ಲಾರಿ ಬಾಡಿಗೆಯಾದ್ರೂ ಉಳೀತಿತ್ತು."