ಗೃಹನವೀಕರಣ ಮೀಮಾಂಸೆ: ನೆಲ, ಬಣ್ಣ ಮತ್ತು ಪರದೆಗಳ ತಾತ್ವಿಕ ನೆಲೆಗಳು

1. ಪ್ರಸ್ತಾವನೆ, ವ್ಯಾಪ್ತಿ ಮತ್ತು ಮಿತಿ

ನವೀಕರಣಪೂರ್ವ ಗೃಹವು ಕೇವಲ ವಾಸಸ್ಥಾನವಾಗಿತ್ತು. ನವೀಕರಣೋತ್ತರ ಗೃಹವು ಒಂದು ‘ಕಾನ್ಸೆಪ್ಟ್’ ಆಗಿರುತ್ತದೆ. ಈ ಬಹುಆಯಾಮಿ ಸ್ಥಿತ್ಯಂತರವನ್ನು ಅಂತರ್‌ಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗುವುದು ಪ್ರಸ್ತುತ ಪ್ರಬಂಧದ ಉದ್ದೇಶ. ವ್ಯಾಪ್ತಿ: ಬೆಂಗಳೂರಿನ 30×40 ಸೈಟಿನ ಮನೆ. ಮಿತಿ: ಮನೆಯವರ ಬಜೆಟ್. ಡಿಸೈನರ್ ಪಂಥದವರು ಈ ಮಿತಿಯನ್ನು ಒಪ್ಪುವುದಿಲ್ಲವಾದ್ದರಿಂದ ಅದನ್ನು ಇಲ್ಲಿಗೇ ಕೈಬಿಡಲಾಗಿದೆ.

ಪ್ರಮಾಣಗಳು ಮೂರು. ಪ್ರತ್ಯಕ್ಷವೆಂದರೆ ಶೋರೂಮಿನಲ್ಲಿ ಕಂಡದ್ದು. ಅನುಮಾನವೆಂದರೆ ನಮ್ಮ ಹಾಲ್‌ನಲ್ಲೂ ಅದು ಹಾಗೇ ಕಂಡೀತೆಂಬುದು. ಶಬ್ದವೆಂದರೆ ಡಿಸೈನರ್ ನುಡಿದದ್ದು. ಮೂರರ ನಡುವೆ ವಿರೋಧ ಬಂದಾಗ ಕೊನೆಯದೇ ಬಲವತ್ತರ. ಅಡ್ವಾನ್ಸ್ ಆಗಲೇ ಕೊಟ್ಟಾಗಿರುತ್ತದೆ.

ವಿಷಯವನ್ನು ಒಂಬತ್ತು ಅಧಿಕರಣಗಳಲ್ಲಿ ನಿರೂಪಿಸಲಾಗುವುದು.

2. ನೆಲಾಧಿಕರಣ

ಪೂರ್ವಪಕ್ಷ: ನೆಲ ಇರುವುದು ನಡೆಯಲಿಕ್ಕೆ, ಚಕ್ಕಳಮಕ್ಕಳ ಹಾಕಿ ಕೂರಲಿಕ್ಕೆ, ಏಪ್ರಿಲ್ ಮಧ್ಯಾಹ್ನ ಬರಿಮೈಯಲ್ಲಿ ಬಿದ್ದುಕೊಳ್ಳಲಿಕ್ಕೆ. ಸಿದ್ಧಾಂತ: ಅಲ್ಲ. ನೆಲ ಇರುವುದು ‘ಲುಕ್’ಗೆ.

ಲುಕ್ ಮೂರು ಬಗೆ: ರಿಚ್, ಕ್ಲೀನ್, ಲೇಟೆಸ್ಟ್. ನಾಲ್ಕನೆಯದಾದ ‘ರಸ್ಟಿಕ್ ಲುಕ್’ಗೆ ಅಧಿಕಾರಿಗಳು ಅಜ್ಜನ ಕಾಲದ ರೆಡ್ ಆಕ್ಸೈಡ್ ನೆಲವನ್ನು ಒಮ್ಮೆ ಒಡೆಸಿದವರು ಮಾತ್ರ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಪುಡಿ ಬೆರೆಸಿ, ಕರಣೆಯಲ್ಲಿ ತಿಕ್ಕಿ ತಿಕ್ಕಿ ನಯಮಾಡಿ, ದಿನಗಟ್ಟಲೆ ನೀರು ಕಟ್ಟಿ, ಆಮೇಲೆ ಮೇಣವನ್ನೋ ಕೊಬ್ಬರಿ ಎಣ್ಣೆಯನ್ನೋ ಒರೆಸಿ ಗಾರೆಯವನು ಬರಿಸಿದ್ದ ಕೆಂಪು ಅದು. ಹಳೇ ಫ್ಯಾಷನ್ನೆಂದು ಅದನ್ನು ಕಿತ್ತು ಟ್ರ್ಯಾಕ್ಟರಿಗೆ ತುಂಬಿಸಿದ್ದಾಯಿತು. ಈಗ ಕೆಂಪು ಸಿಮೆಂಟಿನ ಹಾಗೆ ಕಾಣುವ ಟೈಲ್ ಗುಜರಾತಿನ ಮೋರ್ಬಿಯಿಂದ ಲಾರಿಯಲ್ಲಿ ಬರುತ್ತದೆ.

ಇಲ್ಲಿ ದಾರ್ಶನಿಕ ತೊಡಕೊಂದು ಏಳುತ್ತದೆ. ವಿಟ್ರಿಫೈಡ್ ಟೈಲ್ ಮಾರ್ಬಲ್ಲಿನಂತೆ ತೋರುತ್ತದೆ, ತೇಗದ ಹಲಗೆಯಂತೆ ತೋರುತ್ತದೆ, ಟೈಲಿನಂತೆ ಮಾತ್ರ ತೋರುವುದಿಲ್ಲ. ಅದ್ವೈತಿಗಳು ಇದನ್ನು ಅಧ್ಯಾಸವೆಂದು ಬಗೆಹರಿಸಿಯಾರು: ಪ್ರಿಂಟು ಮಿಥ್ಯೆ, ಜೇಡಿಮಣ್ಣೇ ಸತ್ಯ. ಆದರೆ ಮುಕ್ಕಾಲು ಹಾಲ್ ಹಾಸಿದ ಮೇಲೆ ಟೈಲ್ ಸಾಲದೆ ಎರಡು ಪೆಟ್ಟಿಗೆ ಮತ್ತೆ ತಂದವರು ಯಾವ ಮತದವರಾಗಿದ್ದರೂ ಅಂದೇ ದ್ವೈತಿಗಳಾಗುತ್ತಾರೆ. ಅದೇ ಕಂಪನಿ, ಅದೇ ನಂಬರ್, ಬ್ಯಾಚ್ ಮಾತ್ರ ಬೇರೆ. ಕಿಟಕಿಯ ಬೆಳಕು ಬಿದ್ದೊಡನೆ ಶೇಡೂ ಬೇರೆ. ಮಧ್ವಾಚಾರ್ಯರು ಹೇಳಿದ ಐದು ಭೇದಗಳಲ್ಲಿ ಜಡ–ಜಡ ಭೇದವೂ ಒಂದು. ಅದು ನಿತ್ಯ, ಸತ್ಯ, ಮತ್ತು ಅಂಗಡಿಯವನು ವಾಪಸ್ ತಗೊಳ್ಳುವುದಿಲ್ಲ.

3. ವರ್ಣಾಧಿಕರಣ

ಆಫ್‌ವೈಟ್, ಐವರಿ, ಕ್ರೀಮ್, ಬೀಜ್, ಗ್ರೇಜ್. ಇವು ಶೇಡ್ ಕಾರ್ಡಿನಲ್ಲಿ ಭಿನ್ನ, ಗೋಡೆಯ ಮೇಲೆ ಅಭಿನ್ನ. ಆದ್ದರಿಂದ ಪೇಂಟ್ ಅಂಗಡಿಯವರು ಭೇದಾಭೇದವಾದಿಗಳು. ಬಣ್ಣ ವಸ್ತುವಿನಲ್ಲಿದೆಯೋ ಬೆಳಕಿನಲ್ಲಿದೆಯೋ ಎಂಬ ಪ್ರಾಚೀನ ಜಿಜ್ಞಾಸೆ ಇಲ್ಲಿ ಸುಲಭವಾಗಿ ಇತ್ಯರ್ಥವಾಗುತ್ತದೆ. ಅಂಗಡಿಯ 6500 ಕೆಲ್ವಿನ್ ಬಿಳಿ ಬೆಳಕಿನಲ್ಲಿ ಗಂಭೀರ ಬೂದಿಯಾಗಿದ್ದದ್ದು ಮನೆಯ ಫಾಲ್ಸ್ ಸೀಲಿಂಗಿನ 3000 ಕೆಲ್ವಿನ್ ಹಳದಿ ಬೆಳಕಿನಲ್ಲಿ ನಿನ್ನೆಯ ಮೊಸರನ್ನದಂತಾಗುತ್ತದೆ. ಒಂದು ಗೋಡೆಗೆ ಮಾತ್ರ ಗಾಢ ನೀಲಿ ವಿಧಿಸಲಾಗಿದೆ. ಇದಕ್ಕೆ ಹೈಲೈಟರ್ ವಾಲ್ ಎಂದು ಸಂಜ್ಞೆ. ಇದನ್ನು ಟಿವಿ ಯೂನಿಟ್ ಸಂಪೂರ್ಣವಾಗಿ ಮುಚ್ಚತಕ್ಕದ್ದು.

ಸುಣ್ಣಕ್ಕೆ ಚಿಟಿಕೆ ನೀಲಿ ಹಾಕಿ, ಕೆಳಗೊಂದು ಕೆಮ್ಮಣ್ಣಿನ ಪಟ್ಟಿ ಎಳೆದು, ಹಬ್ಬದ ಹಿಂದಿನ ದಿನ ಕೆಲಸ ಮುಗಿಸುತ್ತಿದ್ದವರು ಸೌಂದರ್ಯಮೀಮಾಂಸೆ ಇಲ್ಲದವರಾದ್ದರಿಂದ ಅವರ ಮತವನ್ನು ಪರಿಗಣಿಸಿಲ್ಲ.

4. ಪರದಾಧಿಕರಣ

ಪಡುವಣ ಕಿಟಕಿಯ ಮೇಲಿನ ಚಜ್ಜಾ ಎಲಿವೇಶನ್ ಕೆಡಿಸುತ್ತದೆಂದು ಮೊದಲು ತೆಗೆಸಬೇಕು. ತರುವಾಯ ಕಿಟಕಿಯ ಅಗಲದ ಎರಡು, ಎರಡೂವರೆ ಪಟ್ಟು ಬಟ್ಟೆ ಕೊಂಡು ನೆರಿಗೆ ಕೊಟ್ಟು ಒಳಗಡೆ ಇಳಿಬಿಡಬೇಕು. ಬಿಸಿಲು ಗಾಜು ದಾಟಿ ಒಳಗೆ ಬಂದಾದ ಮೇಲೆ ಪರದೆ ತಡೆದು ಏನು ಫಲ ಎಂದು ಕೇಳುವವರಿಗೆ ಎ.ಸಿ. ವಿಧಿಸಲಾಗಿದೆ. ಹಳೇ ಬೆಂಗಳೂರಿನ ಬಂಗಲೆಗಳ ಕಿಟಕಿಗೆ ಹೊರಗಿನಿಂದ ಮರದ ‘ಮಂಕಿ ಟಾಪ್’ ಕೂರಿಸುತ್ತಿದ್ದರು. ಸೆಕೆ ಹೆಚ್ಚಿದ ಕಡೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು. ಬಿಸಿಲನ್ನು ಹೊರಗೇ ತಡೆಯಬೇಕೆಂಬ ಈ ಅರಿವಿಗೆ ಕ್ಯಾಟಲಾಗ್ ಇರಲಿಲ್ಲ, ಆದ್ದರಿಂದ ಅದು ಅಪ್ರಮಾಣ.

5. ಇತ್ಯಾದಿ

ಫಾಲ್ಸ್ ಸೀಲಿಂಗ್, ಲ್ಯಾಮಿನೇಟ್, ದೇವರಮನೆಯ ಹಿಂದೆ ಬೆಳಗುವ ಕಲ್ಲು ಮುಂತಾಗಿ ಇನ್ನೂ ಆರು ಅಧಿಕರಣಗಳು ಬರಬೇಕಿತ್ತು. ಬೇಡ ಬಿಡಿ.

ನಮ್ಮತ್ತೆಗೆ ಎಂಬತ್ತು ದಾಟಿದೆ. ಅವರು ಹೊಸ ಹಾಲ್‌ನಲ್ಲಿ ಗೋಡೆ ಹಿಡಿದುಕೊಂಡು ನಡೆಯುತ್ತಾರೆ. ವಿಟ್ರಿಫೈಡ್ ಟೈಲ್ ನೂರಕ್ಕೆ ಅರ್ಧ ಪಾಲಿಗಿಂತ ಹೆಚ್ಚು ನೀರು ಹೀರುವುದಿಲ್ಲ, ಕಲೆ ಕೂರುವುದಿಲ್ಲ ಎಂದು ಹೊಗಳುತ್ತಾರಲ್ಲ, ಚೆಲ್ಲಿದ ನೀರು ಹಾಗೇ ಮೇಲೆ ನಿಂತಿರುತ್ತದೆ. ಆ ಹೊಳಪಿನಲ್ಲಿ ಕಣ್ಣಿಗೂ ಬೀಳುವುದಿಲ್ಲ. ಟೈಲ್ ಎಷ್ಟು ಜಾರುತ್ತದೆಂದು ಅಳೆಯಲು ಆರ್9ರಿಂದ ಆರ್13ರವರೆಗೆ ದರ್ಜೆಗಳಿವೆ. ಮ್ಯಾಟ್ ಫಿನಿಶ್ ತೋರಿಸಿ ಎಂದು ಕೇಳಿದಾಗ ಬಂದ ಉತ್ತರ: “ರಿಚ್ ಲುಕ್ ಬರಲ್ಲ ಸರ್. ಅಮ್ಮಂಗೆ ಒಂದ್ ಜೊತೆ ರಬ್ಬರ್ ಚಪ್ಪಲಿ ಕೊಡ್ಸಿ.” ಹಳೇ ರೆಡ್ ಆಕ್ಸೈಡೂ ನೀರು ಬಿದ್ದರೆ ಜಾರುತ್ತಿತ್ತು, ಬಿರುಕೂ ಬಿಡುತ್ತಿತ್ತು, ನನಗೆ ಹಳೆಯದರ ವ್ಯಾಮೋಹವಿಲ್ಲ. ಯಾರ ಕಾಲು ಅದರ ಮೇಲೆ ಓಡಾಡುತ್ತದೆ ಎಂಬ ಪ್ರಶ್ನೆ ಮೂಡ್ ಬೋರ್ಡಿನಲ್ಲಿ ಎಲ್ಲೂ ಇಲ್ಲವಲ್ಲ, ಅದಕ್ಕೆ ಸಿಟ್ಟು.

ಟೈಲು, ಕಲ್ಲು ಕತ್ತರಿಸುವವನ ಪ್ರಶ್ನೆಯಂತೂ ಇಲ್ಲವೇ ಇಲ್ಲ. ಯುಟಿಲಿಟಿಯ ಮೂಲೆಯಲ್ಲಿ ಮುಖಕ್ಕೆ ಟವೆಲ್ ಸುತ್ತಿಕೊಂಡು ಕಟಿಂಗ್ ಮೆಷಿನ್ ಹಿಡಿದಿರುವ ಹುಡುಗ ದಿನವಿಡೀ ಉಸಿರಾಡುವುದು ಕಲ್ಲಿನ ಹುಡಿ. ನೆಲಕ್ಕೆ ಮ್ಯಾಚ್ ಆಗಲೆಂದು ಅಡುಗೆಕಟ್ಟೆಗೆ ಹಾಕಿಸುವ ಕ್ವಾರ್ಟ್ಜ್ ಚಪ್ಪಡಿಯಲ್ಲಿ ಹೆಚ್ಚಿನ ಪಾಲು ಸಿಲಿಕಾ. ಆ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್. ಅದನ್ನು ಗುಣಪಡಿಸುವ ಮದ್ದಿಲ್ಲ. ಇದೇ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕೃತಕ ಕಲ್ಲನ್ನು ನಿಷೇಧಿಸಿತು. ನಮ್ಮಲ್ಲಿ ಅದು ‘ಪ್ರೀಮಿಯಂ’. ಬ್ಲೇಡಿಗೆ ನೀರು ಹರಿಸಿಕೊಂಡು ಕೊಯ್ದರೆ ಧೂಳು ಬಹಳಷ್ಟು ಕಡಿಮೆಯಾಗುತ್ತದೆ. ಆದರೆ ನೀರು ಹರಿಸಿದರೆ ಕೆಸರಾಗುತ್ತದೆ, ಕೆಲಸ ನಿಧಾನವಾಗುತ್ತದೆ, ಗೃಹಪ್ರವೇಶದ ಮುಹೂರ್ತ ಹತ್ತಿರ ಬಂದಿರುತ್ತದೆ.

ಪ್ರಬಂಧಕ್ಕೆ ಉಪಸಂಹಾರ ಬೇಕೆಂದು ನಿಯಮವಿದೆ. ಎಸ್ಟಿಮೇಟಿಗೆ ಎರಡು ಸಾಲು ಸೇರಿಸಿ: ‘ನೀರು ಹಾಕಿಯೇ ಕೊಯ್ಯಬೇಕು, ಮಾಸ್ಕಿನ ಖರ್ಚು ಮನೆಯವರದು’, ‘ಟೈಲ್ ಕೊಳ್ಳುವ ಮುನ್ನ ಅದರ ಮೇಲೆ ನೀರು ಚೆಲ್ಲಿ, ಮನೆಯ ಹಿರಿಯರ ಎದುರೇ ಡಿಸೈನರ್ ಬರಿಗಾಲಲ್ಲಿ ನಡೆದು ತೋರಿಸಬೇಕು.’ ಇದಕ್ಕೆ ಸಹಿ ಹಾಕದ ಡಿಸೈನರಿಗೆ ಕಾಫಿ ಕೊಟ್ಟು ಕಳಿಸಿ.