ಏದೆನ್ ತೋಟಕ್ಕೊಬ್ಬ ಆಳು

ಬೈಬಲ್ಲಿನ ದೇವರಿಗೆ ತೋಟದ ಹುಚ್ಚು ಬಹಳ. ಬೆಳಕು, ಆಕಾಶ, ಕಡಲು ಎಲ್ಲ ಬಾಯಿಮಾತಿನಲ್ಲೇ ಆಗಿಹೋದವು. ಆಗಲಿ ಅಂದ, ಆದವು. ತೋಟದ ವಿಷಯ ಬಂದಾಗ ಮಾತ್ರ ಆತ ತಾನೇ ಗಿಡ ನೆಟ್ಟ ಅನ್ನುತ್ತದೆ ಆದಿಕಾಂಡದ ಎರಡನೇ ಅಧ್ಯಾಯ. ಅದಕ್ಕೂ ಮುಂಚೆ ನೆಲ ಬೋಳಾಗಿತ್ತಂತೆ. ಯಾಕೆ ಅಂದರೆ ಎರಡು ಕಾರಣ: ಮಳೆ ಬಿದ್ದಿರಲಿಲ್ಲ, ದುಡಿಯುವ ಆಳೂ ಇರಲಿಲ್ಲ. ನಮ್ಮ ಬಯಲುಸೀಮೆಯ ಬೀಡುಬಿದ್ದ ಹೊಲದ ಬದುವಿನ ಮೇಲೆ ನಿಂತು ವಿಚಾರಿಸಿದರೆ ಇವತ್ತಿಗೂ ಸಿಗುವ ಉತ್ತರ ಇವೆರಡೇ.

ಆಳಿನ ಕೊರತೆ ನೀಗಿಸಲೆಂದು ಬಂದವನು ಆದಾಮ. ತೋಟ ಮಾಡಿಕೊಂಡು, ಕಾಯ್ದುಕೊಂಡು ಇರಲಿ ಅಂತ ದೇವರು ಅವನನ್ನು ಅಲ್ಲಿ ತಂದು ಬಿಟ್ಟ. ಇದನ್ನು ನಾವು ಅನುಕೂಲವಾಗಿ ಮರೆತಿದ್ದೇವೆ. ಏದೆನ್ ಅಂದಕೂಡಲೇ ಕಣ್ಣೆದುರು ಬರುವುದು ಮರಕ್ಕೊರಗಿ ಹಣ್ಣು ಮೆಲ್ಲುತ್ತಿರುವ ಇಬ್ಬರು ಸೋಮಾರಿಗಳ ಚಿತ್ರ. ಹಣ್ಣು ಕದ್ದು ತಿಂದದ್ದಕ್ಕೆ ಶಿಕ್ಷೆಯಾಗಿ ಕೆಲಸ ಬಂತು ಅಂತ ನಂಬಿದವರೂ ಇದ್ದಾರೆ, ಅದರಲ್ಲೂ ಸೋಮವಾರ ಬೆಳಿಗ್ಗೆ. ಕೆಲಸ ಮೊದಲಿನಿಂದಲೂ ಇತ್ತು. ಶಾಪದಿಂದ ಬಂದದ್ದು ಮುಳ್ಳು, ಕಳೆ, ಬೆವರು.

ಆ ಹಣ್ಣು ಯಾವುದು ಅನ್ನುವುದನ್ನು ಆದಿಕಾಂಡ ಹೇಳಿಯೇ ಇಲ್ಲ. ಸೇಬನ್ನು ತಂದು ಕೊಂಬೆಗೆ ನೇತುಹಾಕಿದವರು ಯೂರೋಪಿನವರು. ಜೀವದ ಮರ, ಒಳಿತು ಕೆಡುಕಿನ ಅರಿವಿನ ಮರ ಎರಡನ್ನು ಬಿಟ್ಟರೆ ಅಲ್ಲಿ ಹೆಸರಿರುವುದು ಅಂಜೂರಕ್ಕೆ ಮಾತ್ರ, ಅದೂ ಎಲೆಯ ದೆಸೆಯಿಂದ. ಮಾನ ಮುಚ್ಚಿಕೊಳ್ಳಲು ಆ ದಂಪತಿ ಹೊಲಿದುಕೊಂಡದ್ದು ಅಂಜೂರದ ಎಲೆ. ಬಳ್ಳಾರಿ ಕಡೆ ಅಂಜೂರ ಕೊಯ್ಯುವವರನ್ನು ಕೇಳಿ ನೋಡಿ. ಎಲೆ ಅಗಲವೇನೋ ಹೌದು, ಆದರೆ ಸವರಿದರೆ ಬೆರಳಿಗೆ ತರಿತರಿ. ತೊಟ್ಟು ಮುರಿದರೆ ಬಿಳಿ ಹಾಲು ಜಿನುಗುತ್ತದೆ, ಆ ಹಾಲು ಮೈಗೆ ತಾಗಿ ಬಿಸಿಲೂ ಬಿದ್ದರೆ ಉರಿ, ಕೆರೆತ, ಕೆಲವರಿಗೆ ಬೊಬ್ಬೆ. ದೇವರು ಶಿಕ್ಷೆ ಹೇಳುವುದಕ್ಕೂ ಮುಂಚೆಯೇ ಶಿಕ್ಷೆಯ ಒಂದು ಕಂತು ಶುರುವಾಗಿತ್ತು ಅಂತ ನನ್ನ ಅನುಮಾನ. ಅವರನ್ನು ಹೊರಗೆ ಕಳಿಸುವ ಮುಂಚೆ ದೇವರೇ ಚರ್ಮದ ಅಂಗಿ ಮಾಡಿ ತೊಡಿಸಿದ ಅನ್ನುವ ಮಾತು ಮೂರನೇ ಅಧ್ಯಾಯದಲ್ಲಿದೆ. ಕನಿಕರ ಬಂದಿರಬೇಕು.

ಏದೆನ್ನಿನಿಂದ ಹೊರಬಿದ್ದವರ ಸಂತಾನ ಮುಂದೆ ಈಜಿಪ್ಟಿನಲ್ಲಿ ಜೀತಕ್ಕೆ ಬಿತ್ತು. ಮೋಶೆ ಬಿಡಿಸಿಕೊಂಡು ಬಂದ. ಮರಳುಗಾಡಿನಲ್ಲಿ ಸ್ವರ್ಗದಿಂದಲೇ ಮನ್ನ ಉದುರುತ್ತಿತ್ತು. ಜನಕ್ಕೆ ಅದು ಸಾಕಾಯಿತು. ಸೌತೆಕಾಯಿ, ಕರಬೂಜ, ಈರುಳ್ಳಿ, ಬೆಳ್ಳುಳ್ಳಿ ನೆನೆದು ಅತ್ತರು. ಸ್ವಾತಂತ್ರ್ಯವೇನೋ ಸರಿ, ಒಗ್ಗರಣೆಗೆ ಏನು ಗತಿ? ಈಜಿಪ್ಟಿನದು ಕಾಲುವೆ ನೀರಿನ ತರಿ ಜಮೀನು, ನೀವು ಹೋಗುತ್ತಿರುವ ಸೀಮೆಯದು ಮಳೆ ನಂಬಿದ ಖುಷ್ಕಿ ಅಂತ ಮೋಶೆ ಅವರಿಗೆ ಮೊದಲೇ ತಿಳಿಸಿ ಹೇಳಬೇಕಾಯಿತು. ಖುಷ್ಕಿಯವನಿಗೆ ಆಕಾಶ ನೋಡುವ ಚಾಳಿ ತಾನಾಗಿ ಬರುತ್ತದೆ. ಮೋಶೆಯ ಲೆಕ್ಕಾಚಾರವೂ ಅದೇ.

ಈ ಮಾತು ಕಿವಿಗೆ ಹಾಕಿಕೊಳ್ಳದವನು ಮುಂದೆ ಆ ಸೀಮೆ ಆಳಿದ ಅಹಾಬ ರಾಜ. ಇಜ್ರೇಲಿನಲ್ಲಿ ನಾಬೋತನದೊಂದು ದ್ರಾಕ್ಷಿತೋಟ, ಅವನ ದುರದೃಷ್ಟಕ್ಕೆ ಅರಮನೆಗೆ ಹೊಂದಿಕೊಂಡೇ ಇತ್ತು. ರಾಜನಿಗೆ ಆ ಜಾಗದಲ್ಲಿ ಕಾಯಿಪಲ್ಲೆ ಬೆಳೆಯುವ ಆಸೆ. ಪಾಪ, ಒಮ್ಮೆಗೇ ಕಿತ್ತುಕೊಳ್ಳಲು ಹೋಗಲಿಲ್ಲ. ಇದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ, ಬೇಡವಾದರೆ ರೊಕ್ಕ ಎಣಿಸುತ್ತೇನೆ ಅಂದ. ಪಿತ್ರಾರ್ಜಿತ, ಕೊಡುವ ಮಾತೇ ಇಲ್ಲ ಅಂದ ನಾಬೋತ. ರಾಜ ಮನೆಗೆ ಹೋಗಿ ಹಾಸಿಗೆಯ ಮೇಲೆ ಉರುಳಿ, ಮುಖ ತಿರುಗಿಸಿಕೊಂಡು, ಊಟ ಬೇಡ ಅಂದುಬಿಟ್ಟ. ಯುದ್ಧಗಳನ್ನು ಗೆದ್ದ ದೊರೆ ನಾಲ್ಕು ಮಡಿ ಸೊಪ್ಪಿಗಾಗಿ ಉಪವಾಸ ಬಿದ್ದ! ರಾಣಿ ಈಜೆಬೆಲ್ ಬಂದು ವಿಚಾರಿಸಿದಳು, ನಾನು ನೋಡಿಕೊಳ್ಳುತ್ತೇನೆ, ಎದ್ದು ಊಟ ಮಾಡಿ ಅಂದಳು. ರಾಜನ ಮೊಹರು ಒತ್ತಿ ಊರ ಹಿರಿಯರಿಗೆ ಕಾಗದ ಹೋಯಿತು. ಇಬ್ಬರು ಸುಳ್ಳುಸಾಕ್ಷಿಗಳು ಸಿಕ್ಕರು. ನಾಬೋತ ದೇವರನ್ನೂ ರಾಜನನ್ನೂ ಬೈದ ಅನ್ನುವ ಆರೋಪ ಹೊರಿಸಿ, ಊರಾಚೆ ಕರೆದೊಯ್ದು ಕಲ್ಲು ಹೊಡೆದು ಕೊಂದರು. ಭೂಸ್ವಾಧೀನ ಮುಗಿಯಿತು, ಕಾಗದಪತ್ರವೆಲ್ಲ ಸರಿಯಾಗಿತ್ತು. ಸ್ವಾಧೀನಕ್ಕೆ ಬಂದ ಅಹಾಬನಿಗೆ ತೋಟದಲ್ಲೇ ಎದುರಾದದ್ದು ಪ್ರವಾದಿ ಎಲೀಯ. ಆಮೇಲೆ ಅಲ್ಲಿ ಒಂದು ಹಿಡಿ ಸೊಪ್ಪಾದರೂ ಬೆಳೆಯಿತೋ ಇಲ್ಲವೋ, ಅರಸುಗಳ ಚರಿತ್ರೆಯಲ್ಲಿ ಆ ಸುದ್ದಿ ಇಲ್ಲ.

ರಾಜರ ತೋಟಕ್ಕಿಂತ ಕವಿಗಳ ತೋಟ ಲೇಸು, ಯಾರ ಜಮೀನೂ ಬೇಕಾಗುವುದಿಲ್ಲ. ಪರಮಗೀತದ ಪ್ರಿಯಕರ ತನ್ನ ನಲ್ಲೆಯನ್ನು ಬೇಲಿ ಹಾಕಿದ ತೋಟ ಅನ್ನುತ್ತಾನೆ. ಆ ತೋಟದಲ್ಲಿ ದಾಳಿಂಬೆ, ಮದರಂಗಿ, ಕೇಸರಿ, ಜಟಾಮಾಂಸಿ, ದಾಲ್ಚಿನ್ನಿ, ಧೂಪದ ಮರ ಎಲ್ಲ ಒಟ್ಟಿಗೆ ಇವೆ. ಜಟಾಮಾಂಸಿ ಹಿಮಾಲಯದ ಚಳಿಗೆ ಬರುವಂಥದ್ದು, ಧೂಪದ ಮರ ಅರೇಬಿಯದ ಒಣನೆಲದ್ದು. ದಾಲ್ಚಿನ್ನಿಗೋ ಸಿಂಹಳದಂಥ ಮಳೆ ಬೇಕು. ಯೆರೂಸಲೇಮಿನ ಯಾವ ಮಾಲಿಯೂ ಇವನ್ನು ಒಂದೇ ಬೇಲಿಯೊಳಗೆ ಬೆಳೆಸಲಾರ. ಕವಿ ಪೇಟೆಯ ಗ್ರಂಧಿಗೆ ಅಂಗಡಿಯ ಮುಂದೆ ನಿಂತು ಬರೆದಿರಬೇಕು. ಪ್ರೀತಿಯಲ್ಲಿ ಬಿದ್ದವನ ಹತ್ತಿರ ಮಣ್ಣಿನ ಪರೀಕ್ಷೆ ಕೇಳುವುದು ಬೇಡ.

ನನಗೆ ಇಷ್ಟದವನು ಪ್ರವಾದಿ ಯೆರೆಮೀಯ. ಕ್ರಿ.ಪೂ. 597ರಲ್ಲಿ ಬಾಬೆಲಿನವರು ಯೆರೂಸಲೇಮಿನ ಅರಸನನ್ನೂ ಗಣ್ಯರನ್ನೂ ಕಸುಬುದಾರರನ್ನೂ ಸೆರೆ ಒಯ್ದರು. ಎರಡೇ ವರ್ಷ, ಎಲ್ಲರೂ ವಾಪಸು ಬಂದುಬಿಡುತ್ತಾರೆ ಅಂತ ಹನನ್ಯ ಎಂಬ ಪ್ರವಾದಿ ಭರವಸೆ ಕೊಟ್ಟ. ಜನಕ್ಕೂ ಅದೇ ಬೇಕಿತ್ತು. ಯೆರೆಮೀಯನ ಕಾಗದ ಬೇರೆ ಥರ ಬಂತು: ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಬೆಳೆದದ್ದು ಉಣ್ಣಿ, ಮಕ್ಕಳಿಗೆ ಮದುವೆ ಮಾಡಿ, ಎಪ್ಪತ್ತು ವರ್ಷ ಹಿಡಿಯುತ್ತದೆ. ಎರಡು ವರ್ಷಕ್ಕೆಂದು ಹೋದವನು ಹೆಚ್ಚೆಂದರೆ ಕುಂಡದಲ್ಲಿ ಕೊತ್ತಂಬರಿ ಹಾಕಿಯಾನು, ತೋಟ ಮಾಡುವುದಿಲ್ಲ. ಸೆರೆಯಲ್ಲಿದ್ದ ಶೆಮಾಯ ಎಂಬವನಿಗೆ ಆ ಕಾಗದ ಓದಿ ಮೈಯೆಲ್ಲ ಉರಿದುಹೋಯಿತು. ತೋಟ ಮಾಡಿ ಅನ್ನುತ್ತಿದ್ದಾನಲ್ಲ ಈ ಹುಚ್ಚ, ಇವನಿಗೆ ಬೇಡಿ ಹಾಕುವವರಿಲ್ಲವೇ ಅಂತ ಯೆರೂಸಲೇಮಿನ ಯಾಜಕನಿಗೆ ದೂರು ಬರೆದ. ಊರು ಬಿಟ್ಟು ದೂರದೇಶ ಸೇರಿದ ನಮ್ಮವರ ಹಿತ್ತಲಲ್ಲಿ ಕರಿಬೇವಿನ ಗಿಡ ನೋಡಿದಾಗ ನನಗೆ ಯೆರೆಮೀಯನ ನೆನಪಾಗುತ್ತದೆ. ವಾಪಸು ಬರುವ ಮಾತು ಆ ಗಿಡ ಎದೆಮಟ್ಟ ಬೆಳೆಯುವ ತನಕ.

ಯೇಸು ತನ್ನ ಕೊನೆಯ ರಾತ್ರಿ ಹೋದದ್ದೂ ತೋಟಕ್ಕೆ. ಕಿದ್ರೋನ್ ಹಳ್ಳದಾಚೆಯ ಗೆತ್ಸೇಮನೆ ಎಣ್ಣೆಮರಗಳ ಜಾಗ. ಈಗಲೂ ಅಲ್ಲಿ ಎಂಟು ಮುದಿ ಆಲಿವ್ ಮರಗಳಿವೆ. 2012ರಲ್ಲಿ ಹೊರಬಿದ್ದ ಪರೀಕ್ಷೆಯ ಪ್ರಕಾರ ಅವುಗಳಲ್ಲಿ ಮೂರರ ಬೊಡ್ಡೆ 12ನೇ ಶತಮಾನದ ಆಸುಪಾಸಿನದು. ಅಂದಿನ ಮರಗಳೇ ಇವು ಅನ್ನಲು ಬರುವುದಿಲ್ಲ. ಕಾವಲಿರಿ ಅಂತ ಯೇಸು ಕೂರಿಸಿದ ಮೂವರು ಶಿಷ್ಯರು ನಿದ್ದೆಹೋದರು. ಅತ್ತ ಹಿಡಿಯಲು ಬಂದವರು ಪಸ್ಕ ಹಬ್ಬದ ಹುಣ್ಣಿಮೆ ಬೆಳದಿಂಗಳಲ್ಲೂ ದೀಪ, ಪಂಜು ಹಿಡಿದುಕೊಂಡು ಬಂದರು. ಸರ್ಕಾರಿ ಕೆಲಸ, ತಯಾರಿ ಜೋರು.

ಸಮಾಧಿಯೂ ತೋಟದಲ್ಲೇ. ಭಾನುವಾರ ನಸುಕಿನಲ್ಲಿ ಬಂದ ಮಗ್ದಲದ ಮರಿಯಳಿಗೆ ಸಮಾಧಿ ಬರಿದಾಗಿ ಕಂಡಿತು. ಬೆನ್ನ ಹಿಂದೆ ನಿಂತಿದ್ದ ಯೇಸುವನ್ನು ತೋಟದವನು ಅಂದುಕೊಂಡಳು. ಅಳುವ ಕಣ್ಣಿಗೆ ಗುರುತು ಸಿಗಲಿಲ್ಲ ಅಂತ ವ್ಯಾಖ್ಯಾನಕಾರರು ಮರುಗುತ್ತಾರೆ. ನನಗೆ ಅವಳ ಅಂದಾಜಿನಲ್ಲಿ ಏನೂ ತಪ್ಪು ಕಾಣುವುದಿಲ್ಲ. ಹಿಂದಿನ ದಿನ ಸಬ್ಬತ್ತು, ಊರಿಗೆಲ್ಲ ರಜೆ. ಮರುದಿನ ಮಬ್ಬುಗತ್ತಲಲ್ಲಿ ತೋಟಕ್ಕೆ ಬರುವವನು ಆಳಲ್ಲದೆ ಇನ್ನು ಯಾರು? ಚಿತ್ರಕಾರರಿಗಂತೂ ಈ ಎಡವಟ್ಟು ಬಹಳ ಹಿಡಿಸಿತು. ಫ್ಲಾರೆನ್ಸಿನ ಮಠದ ಗೋಡೆಯ ಮೇಲೆ ಫ್ರಾ ಆಂಜೆಲಿಕೊ ಯೇಸುವಿನ ಹೆಗಲಿಗೆ ಗುದ್ದಲಿ ಕೊಟ್ಟ. 1638ರಲ್ಲಿ ರೆಂಬ್ರಾಂಟ್ ಅಗಲ ಅಂಚಿನ ಟೋಪಿ ಇಟ್ಟು, ಕೈಗೆ ಸನಿಕೆ ಹಿಡಿಸಿದ. ನಿಜವಾದ ತೋಟದಾಳು ಆ ಬೆಳಿಗ್ಗೆ ಎಲ್ಲಿದ್ದ, ಯಾರೂ ವಿಚಾರಿಸಿಲ್ಲ.

ಬೈಬಲ್ಲಿನ ಕೊನೆಯ ಅಧ್ಯಾಯದಲ್ಲಿ ಜೀವದ ಮರ ಮತ್ತೆ ಬರುತ್ತದೆ, ತಿಂಗಳಿಗೊಂದು ಬೆಳೆಯಂತೆ ಹನ್ನೆರಡು ಫಸಲು. ಅಲ್ಲೂ ಆಳಿನ ಸುದ್ದಿ ಇಲ್ಲ. ಆಳಿಗೆ ಬಾಯಿ ಕೊಟ್ಟವನು ಲೂಕ. ದ್ರಾಕ್ಷಿತೋಟದಲ್ಲೊಂದು ಅಂಜೂರದ ಮರ, ಮೂರು ವರ್ಷದಿಂದ ಹಣ್ಣಿಲ್ಲ. ಕಡಿದುಹಾಕು, ಜಾಗ ದಂಡ ಅಂತಾನೆ ಯಜಮಾನ. ಈ ವರ್ಷ ಒಂದು ಬಿಡಿ ಸ್ವಾಮಿ, ಬುಡ ಅಗೆದು ಗೊಬ್ಬರ ಹಾಕುತ್ತೇನೆ, ಹಿಡಿದರೆ ಹಿಡಿಯಿತು, ಇಲ್ಲದಿದ್ದರೆ ಕಡಿಸಿ ಅಂತಾನೆ ಆಳು. ಯೇಸು ಹೇಳಿದ ಕಥೆ ಅಷ್ಟಕ್ಕೇ ನಿಲ್ಲುತ್ತದೆ. ಯಜಮಾನ ಹೂಂ ಅಂದನೋ, ಮರ ಕಾಯಿ ಕಚ್ಚಿತೋ, ಯಾವುದೂ ಇಲ್ಲ. ಗೊಬ್ಬರದ ದುಡ್ಡು ಯಾರು ಕೊಟ್ಟರು ಅನ್ನುವುದನ್ನಾದರೂ ಲೂಕ ಬರೆದಿಡಬಹುದಿತ್ತು.